ದಾಸೋಹವೂ ಗಣಕಯಂತ್ರವೂ

(ಶ್ರೀಮಠದ ಮಹೋತ್ಸವದಂಗವಾಗಿ ನೆರವೇರಿದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಾಠ)



ದಾಸೋಹವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಭಕ್ತಜನರ ಕಣ್ಣೆದುರಿಗೆ ಬಂದು ನಿಲ್ಲುವುದು ಉದ್ದನೆಯ ಪಂಕ್ತಿ, ಹಬೆಯಾಡುವ ಅನ್ನದ ರಾಶಿ, ಸಾರಿನ ಕೊಪ್ಪರಿಗೆ. ಇದು ಸಹಜವೇ. ಹಸಿದವನಿಗೆ ಮೊದಲು ಅನ್ನವನ್ನಿಕ್ಕದೆ ಬೇರೆ ಯಾವ ಉಪದೇಶವನ್ನು ಮಾಡಿದರೂ ಅದು ಹಾಸ್ಯಾಸ್ಪದವಾದೀತು. ಆದರೆ ನಾಡಿನ ವಿರಕ್ತಮಠಗಳ ಕಳೆದ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ಅವಲೋಕಿಸಿದರೆ ದಾಸೋಹವು ಅನ್ನದಲ್ಲಿಯೇ ನಿಂತುಹೋದದ್ದಲ್ಲವೆಂಬುದು ವಿಶದವಾಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು ಊರೂರು ಸಂಚರಿಸಿ ಪಾಠಶಾಲೆಗಳ ಸ್ಥಾಪನೆಗೆ ಪ್ರೇರಕರಾದುದು, ಚಿತ್ರದುರ್ಗದ ಜಯದೇವ ಜಗದ್ಗುರುಗಳು ಪಟ್ಟಣಗಳಲ್ಲಿ ಉಚಿತ ಪ್ರಸಾದನಿಲಯಗಳನ್ನು ತೆರೆಯಿಸಿದುದು, 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ಹುಟ್ಟಿದುದು, ಸಿದ್ಧಗಂಗೆಯಲ್ಲಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಸಾವಿರಾರು ಬಡಮಕ್ಕಳಿಗೆ ಅನ್ನದೊಡನೆ ಅಕ್ಷರವನ್ನೂ ಆಶ್ರಯವನ್ನೂ ಇತ್ತುದು, ಇವೆಲ್ಲವೂ ಒಂದೇ ಬಳ್ಳಿಯ ಕುಡಿಗಳು. ಆ ಮಹನೀಯರು ತಮ್ಮ ಕಾಲದಲ್ಲಿ ಒಂದು ಪ್ರಶ್ನೆಯನ್ನು ಹಾಕಿಕೊಂಡರು: ಬಡವನ ಮಗನು ಶಾಲೆಯ ಬಾಗಿಲಿನ ಹೊರಗೆ ನಿಂತಿರುವುದಕ್ಕೆ ಕಾರಣವಾದರೂ ಏನು? ಶಾಲೆಯು ಪಟ್ಟಣದಲ್ಲಿದೆ, ಪಟ್ಟಣದಲ್ಲಿ ಅವನಿಗೆ ಉಣಲು ಮನೆಯಿಲ್ಲ. ಕಾರಣವು ತಿಳಿದ ಮೇಲೆ ಪರಿಹಾರಕ್ಕೆ ತಡವಾಗಲಿಲ್ಲ.

ಅದೇ ಪ್ರಶ್ನೆಯನ್ನು ಈ ಕಾಲಕ್ಕೆ ಹಾಕಿದರೆ ಬರುವ ಉತ್ತರವು ಬೇರೆಯಾಗಿದೆ. ಈಗ ಹಳ್ಳಿಹಳ್ಳಿಗೂ ಶಾಲೆಯುಂಟು, ಶಾಲೆಯಲ್ಲಿ ಮಧ್ಯಾಹ್ನದ ಊಟವುಂಟು. ಆದರೆ ಆ ಹುಡುಗನು ಹತ್ತನೆಯ ತರಗತಿಯನ್ನು ದಾಟಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ ಅದನ್ನು ಕಾಗದದ ಮೇಲೆ ಬರೆದು ಕೊಡುವಂತಿಲ್ಲ; ರಾಜ್ಯ ವಿದ್ಯಾರ್ಥಿವೇತನದ ಅಂತರ್ಜಾಲದ್ವಾರದಲ್ಲಿಯೇ ತುಂಬಬೇಕು. ಕಾಲೇಜಿನ ಪ್ರವೇಶ, ಜಾತಿ ಆದಾಯಗಳ ಪ್ರಮಾಣಪತ್ರ, ಪರೀಕ್ಷೆಯ ಫಲಿತಾಂಶ, ಸಣ್ಣ ನೌಕರಿಯ ಅರ್ಜಿ, ಎಲ್ಲವೂ ಆ ದ್ವಾರಗಳಲ್ಲಿಯೇ. ಮನೆಯಲ್ಲಿ ಯಂತ್ರವಿಲ್ಲದವನು ಪೇಟೆಯ ಸೈಬರ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾನೆ. ಅಲ್ಲಿ ಬೇರೊಬ್ಬನು ಅವಸರದಿಂದ ತುಂಬಿದ ಅರ್ಜಿಯಲ್ಲಿ ಆಧಾರ್ ಪತ್ರದ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರದ ವ್ಯತ್ಯಾಸವಾದರೆ ಸಾಕು, ಹಣವು ಬರುವುದು ನಿಂತುಹೋಗುತ್ತದೆ. ತಂದೆಯ ಒಂದು ದಿನದ ಕೂಲಿ ಹೋಯಿತು, ಅಂಗಡಿಯವನ ಶುಲ್ಕ ಹೋಯಿತು. ಆದ ತಪ್ಪು ಏನೆಂಬುದು ಮಾತ್ರ ಅವರಿಬ್ಬರಿಗೂ ತಿಳಿಯಲಿಲ್ಲ. ಅಕ್ಷರ ಬಲ್ಲ ಮಗನೂ ಈ ಎಡೆಯಲ್ಲಿ ಹೆಬ್ಬೆಟ್ಟೊತ್ತುವ ತಂದೆಗೆ ಸಮಾನನಾಗಿಬಿಡುತ್ತಾನೆ.

ಇದು ಕೇವಲ ಒಂದೆರಡು ಮನೆಗಳ ಕಥೆಯಲ್ಲ. ಕೇಂದ್ರ ಸರಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2017-18ರಲ್ಲಿ ಲೆಕ್ಕ ಹಾಕಿದಾಗ ಭಾರತದ ಗ್ರಾಮಾಂತರದ ಮನೆಗಳಲ್ಲಿ ಗಣಕಯಂತ್ರವಿದ್ದುದು ನೂರಕ್ಕೆ 4.4ರಲ್ಲಿ ಮಾತ್ರ, ನಗರಗಳಲ್ಲಿ 23.4. ಐದು ವರ್ಷಕ್ಕೆ ಮೇಲ್ಪಟ್ಟ ಹಳ್ಳಿಗರಲ್ಲಿ ಆ ಯಂತ್ರವನ್ನು ನಡೆಯಿಸಬಲ್ಲವರು ನೂರರಲ್ಲಿ ಹತ್ತು ಮಂದಿಯೂ ತುಂಬಲಿಲ್ಲ. ಇದಾಗಿ ಎರಡು ವರ್ಷ ಕಳೆಯುವುದರೊಳಗೆ, 2020ರಲ್ಲಿ, ಮಹಾಮಾರಿಯಿಂದ ಶಾಲೆಗಳೆಲ್ಲ ಮುಚ್ಚಿಹೋದವು. ಉಳ್ಳವರ ಮಕ್ಕಳು ಮನೆಯಲ್ಲಿ ಕುಳಿತು ಪಾಠ ಕೇಳಿದರು. ಇಲ್ಲದವರ ಮಕ್ಕಳಿಗಾಗಿ ಕರ್ನಾಟಕ ಸರಕಾರವು ವಿದ್ಯಾಗಮವೆಂಬ ಯೋಜನೆಯನ್ನು ಹೂಡಿ ಉಪಾಧ್ಯಾಯರನ್ನೇ ಗುಡಿಯ ಕಟ್ಟೆಗೂ ಮರದ ನೆರಳಿಗೂ ಕಳುಹಿಸಿತು. ರೋಗಭಯದಿಂದ ಅದನ್ನೂ ಅಕ್ಟೋಬರಿನಲ್ಲಿ ತಡೆಯಬೇಕಾಯಿತು. ಆ ವರ್ಷ ಶಾಲೆಯನ್ನು ಬಿಟ್ಟು ಕೂಲಿಗೆ ಇಳಿದ ಮಕ್ಕಳು ಎಲ್ಲರೂ ಹಿಂದಿರುಗಿ ಬಂದರೆಂದು ಹೇಳುವ ಧೈರ್ಯ ಯಾರಿಗಿದೆ?

ಬಡವನಿಗೆ ಸುಲಭಬೆಲೆಯ ಗಣಕಯಂತ್ರವನ್ನು ಒದಗಿಸಬೇಕೆಂಬ ಯೋಚನೆಯು ಹೊಸದೇನೂ ಅಲ್ಲ, ಪರದೇಶದಿಂದ ಬಂದುದೂ ಅಲ್ಲ. ಅದಕ್ಕಾಗಿ ನಡೆದ ಬಹು ದೊಡ್ಡ ಪ್ರಯತ್ನವೊಂದು ಈ ಕನ್ನಡನಾಡಿನ ಮಣ್ಣಿನಲ್ಲಿಯೇ ಹುಟ್ಟಿತು. ಆ ಕಥೆಯನ್ನು ಈಗಿನ ತರುಣರು ಬಹುಮಟ್ಟಿಗೆ ಮರೆತಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ನಿವೇದಿಸುವುದು ಉಚಿತ.

1998ನೆಯ ಇಸವಿಯ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಬಡದೇಶಗಳಿಗೆ ಮಾಹಿತಿತಂತ್ರಜ್ಞಾನವು ಹೇಗೆ ಉಪಯೋಗವಾದೀತೆಂಬುದನ್ನು ಚರ್ಚಿಸಲು ಅಂತರರಾಷ್ಟ್ರೀಯ ಸಭೆಯೊಂದು ಕೂಡಿತ್ತು. ಅಲ್ಲಿ ಮೊಳೆತ ವಿಚಾರವನ್ನು ಕೈಗೆತ್ತಿಕೊಂಡವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ ಚಂದ್ರು, ಸ್ವಾಮಿ ಮನೋಹರ, ರಮೇಶ ಹರಿಹರನ್, ವಿ. ವಿನಯ್ ಎಂಬವರೂ ಎನ್‌ಕೋರ್ ಎಂಬ ಉದ್ಯಮದ ವಿನಯ ದೇಶಪಾಂಡೆ ಮೊದಲಾದವರೂ. ಇವರೆಲ್ಲ ಕೂಡಿ 1999ರಲ್ಲಿ ಒಂದು ಧರ್ಮನಿಧಿಯನ್ನು ಸ್ಥಾಪಿಸಿ 2001ರ ಏಪ್ರಿಲಿನಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವೊಂದನ್ನು ಲೋಕದ ಮುಂದಿಟ್ಟರು. ಸರಳವಾದದ್ದು, ಅಗ್ಗವಾದದ್ದು, ಬಹುಭಾಷೆಯದು, ಜನರದು ಎಂಬ ಅರ್ಥವನ್ನು ಆ ಹೆಸರಿನೊಳಗೆ ಹುದುಗಿಸಿದ್ದರು. ಅದಕ್ಕೆ ಕೀಲಿಮಣೆಯಿರಲಿಲ್ಲ, ಗಾಜಿನ ಮೇಲೆ ಕಡ್ಡಿಯಿಂದ ಮುಟ್ಟಿದರೆ ಸಾಕು. ಹಳ್ಳಿಯಲ್ಲಿ ವಿದ್ಯುತ್ತಿನ ಭರವಸೆಯಿಲ್ಲವಾದುದರಿಂದ ಕೈದೀಪಕ್ಕೆ ಹಾಕುವಂಥ ಸಣ್ಣ ಬ್ಯಾಟರಿಗಳಿಂದ ನಡೆಯುವಂತೆ ಮಾಡಿದ್ದರು. ಓದು ಬಾರದವನಿಗೂ ಉಪಯೋಗವಾಗಲೆಂದು ಬರಹವನ್ನು ಕನ್ನಡ ಹಿಂದಿಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ ಹರಿಹರನ್ ರಚಿಸಿದರು. ಯಾವ ಮಾರಾಟಗಾರನಿಗೂ ತಲೆಬಾಗಬೇಕಿಲ್ಲದ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಮೇಲೆ ಇದೆಲ್ಲವನ್ನೂ ಕಟ್ಟಿದ್ದರು.

ಭಕ್ತಜನರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದು ಇದರಲ್ಲಿದೆ. ಯಂತ್ರಕ್ಕೆ ಸುಮಾರು 9,000 ರೂಪಾಯಿಗಳಾಗಬಹುದೆಂದು ಅವರು ಅಂದಾಜು ಮಾಡಿದ್ದರು. ಇಷ್ಟು ಹಣವು ಕೂಲಿಯವನೊಬ್ಬನಿಗೆ ನಿಲುಕದೆಂಬುದು ಅವರಿಗೆ ಗೊತ್ತಿತ್ತು. ಆದ ಕಾರಣ ಯಂತ್ರವು ಊರಿಗೊಂದಿರಲಿ, ಪ್ರತಿಯೊಬ್ಬನಿಗೂ ತನ್ನದೇ ಆದ ಒಂದು ಸಣ್ಣ ಸ್ಮಾರ್ಟ್ ಕಾರ್ಡು ಇರಲಿ ಎಂದು ಯೋಜಿಸಿದರು. ಕಾರ್ಡಿನಲ್ಲಿ ಅವನವನ ಸ್ವಂತ ಲೆಕ್ಕಪತ್ರ. ಅದನ್ನು ಯಂತ್ರದೊಳಗೆ ತೂರಿಸಿದಾಗ ಯಂತ್ರವು ಅಷ್ಟು ಹೊತ್ತು ಅವನದು, ತೆಗೆದ ಬಳಿಕ ಮತ್ತೊಬ್ಬನದು. ಪಂಕ್ತಿಯಲ್ಲಿ ಕುಳಿತವರಿಗೆ ಕೊಪ್ಪರಿಗೆಯೊಂದೇ, ಎಲೆಗಳು ಬೇರೆ ಬೇರೆ. ಯಂತ್ರಶಾಸ್ತ್ರಜ್ಞರು ದಾಸೋಹದ ಹೆಸರನ್ನು ಎತ್ತಿರಲಿಕ್ಕಿಲ್ಲ. ಆದರೂ ಇದಕ್ಕಿಂತ ದಾಸೋಹಕ್ಕೆ ಸಮೀಪವಾದ ಯಂತ್ರವು ಇದುವರೆಗೆ ಹುಟ್ಟಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಹಾಗಿದ್ದರೂ ಆ ಯಂತ್ರವು ನಿಲ್ಲಲಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಕಾರದಿಂದ 2004ರ ಏಪ್ರಿಲಿನಲ್ಲಿ ಪೇಟೆಗೆ ಬಂದಾಗ ಅತ್ಯಂತ ಅಗ್ಗದ ಮಾದರಿಗೇ 10,000 ರೂಪಾಯಿಯ ಹತ್ತಿರ ಬೆಲೆಯಾಯಿತು. ಬಣ್ಣದ ತೆರೆಯುಳ್ಳದ್ದಕ್ಕೆ ಅದರ ಇಮ್ಮಡಿ. ಕರ್ನಾಟಕ ಸರಕಾರವು ಭೂದಾಖಲೆಗಳ ಕೆಲಸಕ್ಕೆ ಕೆಲವನ್ನು ಉಪಯೋಗಿಸಿತು, ಛತ್ತೀಸಗಢದ ಶಾಲೆಗಳಲ್ಲಿ ಕೆಲವು ಕಾಣಿಸಿದವು. ಐವತ್ತು ಸಾವಿರ ಮಾರಾಟವಾಗಬಹುದೆಂದಿದ್ದ ಯಂತ್ರವು 2005ರವರೆಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ. ಅಗ್ಗವಾಗಬೇಕಾದರೆ ಬಹುಸಂಖ್ಯೆಯಲ್ಲಿ ತಯಾರಾಗಬೇಕು. ಬಹುಸಂಖ್ಯೆಯಲ್ಲಿ ತಯಾರಾಗಬೇಕಾದರೆ ಮೊದಲೇ ಅಗ್ಗವಾಗಿರಬೇಕು. ಈ ಗಾಣದ ಸುತ್ತು ಅದನ್ನು ಬಿಡಲಿಲ್ಲ. ಅಷ್ಟರಲ್ಲಿ ಸಂಚಾರಿ ದೂರವಾಣಿಗಳ ಬೆಲೆಯು ಇಳಿಯಿತು. ಇವೆಲ್ಲ ಕಾರಣಗಳೇ ನಿಜ. ಆದರೆ ಮೂಲಕಾರಣವು ಬೇರೆಯೆಂದು ತೋರುತ್ತದೆ. ಯಂತ್ರವನ್ನು ಮಾಡಿದವರಿದ್ದರು, ಮಾರುವವರೂ ಸಿದ್ಧರಿದ್ದರು. ಹಳ್ಳಿಯ ಚಾವಡಿಯಲ್ಲಿ ದಿನವೂ ಅದರ ಪಕ್ಕದಲ್ಲಿ ಕುಳಿತು “ಬಾರಪ್ಪ, ನಿನ್ನ ಕೆಲಸವೇನು? ಇಲ್ಲಿ ಮುಟ್ಟು, ಹೀಗೆ ಕೇಳು” ಎಂದು ಹೇಳಿಕೊಡುವವನೊಬ್ಬನನ್ನು ಮಾತ್ರ ಯಾರೂ ನೇಮಿಸಲಿಲ್ಲ.

ಇದೇ ತಪ್ಪು ಅನಂತರವೂ ಮರುಕಳಿಸಿತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಫಲಕಯಂತ್ರವನ್ನು ಮಹಾ ಸಂಭ್ರಮದಿಂದ ಬಿಡುಗಡೆ ಮಾಡಿತು. ಬೆಲೆಯೇನೋ ಎರಡು ಸಾವಿರ ಚಿಲ್ಲರೆ. ಅದು ನಿಧಾನವಾಗಿತ್ತು, ಬ್ಯಾಟರಿಯು ಬೇಗ ಬರಿದಾಗುತ್ತಿತ್ತು; ಕೆಲವೇ ವರ್ಷಗಳಲ್ಲಿ ಮಾತೇ ನಿಂತುಹೋಯಿತು. ಇದಕ್ಕೂ ಮೊದಲು, 1999ರಲ್ಲಿ, ದಿಲ್ಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರರು ಗೋಡೆಯಲ್ಲಿ ಕಿಂಡಿ ಕೊರೆದು ಯಂತ್ರವನ್ನಿಟ್ಟು, ಕೊಳೆಗೇರಿಯ ಮಕ್ಕಳು ಗುರುವಿಲ್ಲದೆ ತಾವೇ ಅದನ್ನು ಕಲಿತರೆಂದು ಜಗತ್ತಿಗೆ ತೋರಿಸಿದ್ದರು. ಮಕ್ಕಳ ಬುದ್ಧಿಶಕ್ತಿಯು ಆಶ್ಚರ್ಯಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಥ ಕಿಂಡಿಗಳ ಮುಂದೆ ಬಲಿಷ್ಠರಾದ ಹುಡುಗರೇ ನಿಂತು ಹೆಣ್ಣುಮಕ್ಕಳು ಹಿಂದೆ ಸರಿಯಬೇಕಾಯಿತೆಂದು ಸ್ಥಳಕ್ಕೆ ಹೋಗಿ ನೋಡಿ ಬರೆದವರೂ ಉಂಟು. ಗುರುವಿಲ್ಲದ ಎಡೆಯಲ್ಲಿ ಬಲವೇ ಗುರುವಾಗುತ್ತದೆ.

ಭಾಷೆಯ ಮಾತು ಬಂದಾಗ ಕನ್ನಡಿಗರು ಕೃತಜ್ಞರಾಗಿರಬೇಕಾದ ಮಹನೀಯರಿದ್ದಾರೆ. ಕೆ. ಪಿ. ರಾಯರು ಕನ್ನಡದ ವರ್ಣಮಾಲೆಯ ಸ್ವಭಾವವನ್ನರಿತು, ವ್ಯಂಜನಕ್ಕೆ ಸ್ವರ ಸೇರುವ ಕ್ರಮದಲ್ಲಿಯೇ ಬೆರಳು ಆಡುವಂತೆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಅದೇ ಸರಕಾರದ ಮನ್ನಣೆಯನ್ನು ಪಡೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಇಂಗ್ಲಿಷು ಬಾರದವನೂ ಈಗ ಯಂತ್ರದಲ್ಲಿ ಕನ್ನಡವನ್ನು ಬರೆಯಬಲ್ಲನು. ಹನ್ನೆರಡನೆಯ ಶತಮಾನದ ಶರಣರು ಶಿವಾನುಭವವನ್ನು ಅಂಬಿಗನಿಗೂ ಸೌದೆ ಮಾರುವವನಿಗೂ ತಿಳಿಯುವ ಆಡುಮಾತಿನಲ್ಲಿ ನುಡಿದುದರ ಮಹತ್ವವನ್ನು ಬಲ್ಲ ಭಕ್ತರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶರಣರ ಮಾತು ಬಂದುದರಿಂದ ಫ. ಗು. ಹಳಕಟ್ಟಿಯವರನ್ನು ಇಲ್ಲಿ ನೆನೆಯದಿರುವುದು ಸಲ್ಲದು. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಆ ಮಹಾನುಭಾವರು ಮನೆಮನೆಯ ಜಂತಿಯಲ್ಲಿ ಹೊಗೆ ಹಿಡಿಯುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಬಿಚ್ಚಿಸಿ, ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಆ ಕಾಲಕ್ಕೆ ಮುದ್ರಣಯಂತ್ರವೆಂಬುದು ಇಂದಿನ ಗಣಕಯಂತ್ರದಂತೆಯೇ ಉಳ್ಳವರ ಸೊತ್ತಾಗಿತ್ತು. ಹಳಕಟ್ಟಿಯವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಯಂತ್ರವನ್ನು ಕೊಂಡು ಊರಿಗೆ ದಾನವಿತ್ತು ಫಲಕ ಬರೆಯಿಸಿ ಸುಮ್ಮನಾಗಲಿಲ್ಲ. ಆಯುಷ್ಯದ ಉಳಿದ ಭಾಗವನ್ನೆಲ್ಲ ಆ ಯಂತ್ರದ ಪಕ್ಕದಲ್ಲಿ ಕಳೆದರು. ಸಿಂಪ್ಯೂಟರಿಗೆ ದೊರೆಯದೆ ಹೋದುದು ಇದೇ.

ಯಂತ್ರವು ಬಡವನ ಕೈಗೆ ಹೇಗೆ ಬರಬೇಕೆಂಬುದಕ್ಕೆ ‘ಭೂಮಿ’ ಯೋಜನೆಯೂ ಒಂದು ಪಾಠವನ್ನು ಕಲಿಸುತ್ತದೆ. ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಒಂದು ಪ್ರತಿ ಬೇಕಾದರೆ ರೈತನು ಎಷ್ಟು ಸಲ ಅಲೆಯಬೇಕಾಗಿತ್ತು, ಯಾರ ಕೈ ಬೆಚ್ಚಗೆ ಮಾಡಬೇಕಾಗಿತ್ತು ಎಂಬುದನ್ನು ಇಲ್ಲಿಯ ಹಿರಿಯರು ಬಲ್ಲರು. ಅವನ್ನೆಲ್ಲ ಗಣಕಕ್ಕೆ ಏರಿಸಿ ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿಯು ದೊರೆಯುವಂತೆ ಮಾಡಿ, 2002ರ ಹೊತ್ತಿಗೆ ಕೈಬರಹದ ಪ್ರತಿಗಳನ್ನು ನಿಲ್ಲಿಸಿದರು. ಆ ಕೇಂದ್ರಗಳಲ್ಲಿ ಗುಮಾಸ್ತನ ಮುಂದೆ ಒಂದು ತೆರೆ, ರೈತನ ಕಡೆಗೆ ಮುಖಮಾಡಿದ ಮತ್ತೊಂದು ತೆರೆ ಇದ್ದವು. ತನ್ನ ಹೊಲದ ವಿಷಯದಲ್ಲಿ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ರೈತನು ತಾನೇ ನೋಡಲೆಂಬುದು ಅದರ ಉದ್ದೇಶ. ಎಷ್ಟು ಸಣ್ಣ ಏರ್ಪಾಡು, ಆದರೆ ಎಷ್ಟು ಗೌರವದ ಏರ್ಪಾಡು! ದುಃಖದ ಸಂಗತಿಯೆಂದರೆ, ಓದಲು ಬಾರದವನಿಗೆ ಆ ಎರಡನೆಯ ತೆರೆಯು ಬರಿಯ ಬೆಳಕಷ್ಟೇ. ಅವನು ಮತ್ತೆ ಪಕ್ಕದವನ ಮುಖವನ್ನೇ ನೋಡಬೇಕಾಯಿತು.

“ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆಯಲ್ಲ, ಇನ್ನೇನು ಕೊರತೆ?” ಎಂದು ಕೆಲವರು ಆಕ್ಷೇಪಿಸಬಹುದು. 2016ರಿಂದ ಈಚೆಗೆ ಅಂತರ್ಜಾಲದ ದರವು ಬಹಳವಾಗಿ ಇಳಿದು ಹಟ್ಟಿಹಟ್ಟಿಗೂ ಆ ಉಪಕರಣವು ಹೊಕ್ಕಿರುವುದು ನಿಜ. ಅದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನೋಡುವ ಯಂತ್ರ ಬೇರೆ, ಮಾಡುವ ಯಂತ್ರ ಬೇರೆ. ಅಂಗೈಯ ಉಪಕರಣದಲ್ಲಿ ಚಿತ್ರಗಳನ್ನು ಎಷ್ಟು ಹೊತ್ತಾದರೂ ನೋಡಬಹುದು. ಅದರಲ್ಲಿ ಒಂದು ಲೆಕ್ಕದ ಪಟ್ಟಿಯನ್ನು ಸಿದ್ಧಪಡಿಸುವುದು, ನಾಲ್ಕು ಪುಟದ ಅರ್ಜಿಯನ್ನು ಬರೆಯುವುದು, ನಕ್ಷೆಯೊಂದನ್ನು ಎಳೆಯುವುದು ಎಷ್ಟು ಕಷ್ಟವೆಂಬುದನ್ನು ಮಾಡಿ ನೋಡಿದವರೇ ಬಲ್ಲರು. ಕಾಯಕವನ್ನು ಕೈಲಾಸವೆಂದು ನಂಬಿದ ಸಮಾಜಕ್ಕೆ ಈ ಭೇದವು ಅಲ್ಪವಾದುದಲ್ಲ. ಅದೂ ಅಲ್ಲದೆ ಮನೆಗೊಂದೇ ಉಪಕರಣವಿದ್ದರೆ ಅದು ಬಹುಮಟ್ಟಿಗೆ ಗಂಡಸಿನ ಕಿಸೆಯಲ್ಲಿರುತ್ತದೆ. ತಾಯಿಗೂ ಮಗಳಿಗೂ ದೊರೆಯುವುದು ಅವನು ನಿದ್ರೆಹೋದ ಮೇಲೆ. ಒ.ಟಿ.ಪಿ. ಎಂಬ ಅಂಕೆಗಳನ್ನು ಯಾರೋ ದೂರದಿಂದ ನಯವಾಗಿ ಕೇಳಿದಾಗ ಹೇಳಿಬಿಟ್ಟು, ಕೂಡಿಟ್ಟ ಹಣವನ್ನು ಕಳೆದುಕೊಂಡು ಅಳುವವರಲ್ಲಿ ಉಪಕರಣವಿಲ್ಲದವರು ಒಬ್ಬರೂ ಇಲ್ಲ. ಉಪಕರಣವಿದ್ದು ತಿಳಿವಳಿಕೆಯಿಲ್ಲದವರೇ ಎಲ್ಲರೂ.

ಸರಕಾರವು ಕೈಕಟ್ಟಿ ಕುಳಿತಿತ್ತೆಂದು ಹೇಳುವುದು ನ್ಯಾಯವಲ್ಲ. 2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು ಹಳ್ಳಿಯ ಮನೆಗೊಬ್ಬರಂತೆ 6 ಕೋಟಿ ಜನರಿಗೆ 20 ಗಂಟೆಗಳ ಶಿಕ್ಷಣವನ್ನು ಕೊಡಬೇಕೆಂದು ಹೊರಟು, 2024ರ ಮಾರ್ಚಿನಲ್ಲಿ ಮುಗಿಯುವಾಗ ಆ ಸಂಖ್ಯೆಯನ್ನು ದಾಟಿತ್ತು. ಕರ್ನಾಟಕದ ಗ್ರಾಮಪಂಚಾಯತಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ವೆಂಬ ಸುಂದರವಾದ ಹೆಸರನ್ನು ಪಡೆದು, ಹಲವು ಕಡೆ ಗಣಕಯಂತ್ರಗಳನ್ನೂ ಹೊಂದಿವೆ. ಆದರೆ 20 ಗಂಟೆಗಳಲ್ಲಿ ಕಲಿತ ವಿದ್ಯೆಯು ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಎಷ್ಟು ದಿನ ಉಳಿದೀತು? ಈಜನ್ನು ಕಲಿಸಿದ ಮೇಲೆ ಬಾವಿಯನ್ನು ಮುಚ್ಚಿದಂತೆ.

ಇಲ್ಲಿಯೇ ಮಠಗಳಿಗೆ ಅವಕಾಶವುಂಟು. ಮಠಕ್ಕೆ ಕಟ್ಟಡವಿದೆ, ಪ್ರಸಾದನಿಲಯವಿದೆ, ಊರವರ ವಿಶ್ವಾಸವಿದೆ. ತಾಯಂದಿರು ಸಂಕೋಚವಿಲ್ಲದೆ ಕಾಲಿಡುವ ಸ್ಥಳಗಳು ಹಳ್ಳಿಯಲ್ಲಿ ಹೆಚ್ಚಾಗಿಲ್ಲ, ಅವುಗಳಲ್ಲಿ ಮಠವೊಂದು. ಯಂತ್ರಗಳ ಚಿಂತೆಯು ಕೂಡ ಈಗ ಮೊದಲಿನಷ್ಟು ದೊಡ್ಡದಲ್ಲ. ಬಹುಜನರು ಬಳಸುತ್ತಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ಕಂಪನಿಯವರು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಹೊಸ ವ್ಯವಸ್ಥೆಯನ್ನು ಹಾಕಿಕೊಳ್ಳುವ ಯೋಗ್ಯತೆಯಿಲ್ಲದ, ಆದರೆ ಬೇರೆ ಯಾವ ದೋಷವೂ ಇಲ್ಲದ ಯಂತ್ರಗಳನ್ನು ಕಛೇರಿಗಳು ಇದರಿಂದ ಹೊರಗಿಡುತ್ತಿವೆ. ಅಂಥವಕ್ಕೆ ಲಿನಕ್ಸನ್ನು ಹಾಕಿದರೆ ಬೆಲೆಯಿಲ್ಲದೆ, ಕನ್ನಡದಲ್ಲಿಯೇ, ಇನ್ನೂ ಹಲವು ವರ್ಷ ದುಡಿಯುತ್ತವೆ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಸ್ವಯಂಸೇವಕರು ಅಂಬೇಡ್ಕರರ ಹೆಸರಿನಲ್ಲಿ ನಡೆಯಿಸಿದ ಗಣಕಕೇಂದ್ರವು ಹಳೆಯ ಯಂತ್ರಗಳಿಂದಲೇ ಮಕ್ಕಳಿಗೆ ಚಿತ್ರ ಬಿಡಿಸುವುದನ್ನೂ ಬರೆಯುವುದನ್ನೂ ಕಲಿಸಿತು. ಅಲ್ಲಿ ಯಂತ್ರಗಳಿಗಿಂತ, ಬಿಡುವಿನ ದಿನಗಳಲ್ಲಿ ತಪ್ಪದೆ ಬರುತ್ತಿದ್ದ ಆ ತರುಣರೇ ಮುಖ್ಯರು.

ಆದರೆ ಹಳೆಯ ಯಂತ್ರದ ದಾನವೆಂದೊಡನೆ ಒಂದು ಎಚ್ಚರಿಕೆಯು ಅವಶ್ಯ. ತೆರೆ ಒಡೆದದ್ದು, ಹೊತ್ತಿಕೊಳ್ಳಲು ಅರ್ಧ ಗಂಟೆ ಬೇಕಾದದ್ದು, ಇವನ್ನು ಮಠದ ಮೂಲೆಗೆ ತಂದೊಟ್ಟಿ ಪುಣ್ಯ ಕಟ್ಟಿಕೊಂಡೆನೆಂದು ಹೋಗುವವರು ಇರುತ್ತಾರೆ. ಹಳಸಿದ ಅನ್ನವನ್ನು ಪಂಕ್ತಿಗೆ ಬಡಿಸುವುದುಂಟೆ? ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ಬದುಕುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಕಳುಹಿದ ಕಥೆಯು ಭಕ್ತರಿಗೆಲ್ಲ ಗೊತ್ತಿದೆ. ಬಡತನವಿದ್ದ ಮನೆಯಲ್ಲಿಯೂ ಬೇಡವೆನ್ನುವ ಬಾಯಿ ಇರುತ್ತದೆಂಬುದನ್ನು ಕೊಡುವವರು ಮರೆಯಬಾರದು. ನಡೆಯುವ ಯಂತ್ರವನ್ನೇ ಕೊಡತಕ್ಕದ್ದು. ನಡೆಯದಿರುವುದನ್ನು ಇ-ತ್ಯಾಜ್ಯದ ನಿಯಮಗಳಂತೆ ಅಧಿಕೃತರಾದವರಿಗೆ ಒಪ್ಪಿಸತಕ್ಕದ್ದು.

ಲೆಕ್ಕ ಹಾಕುವಾಗ ಯಂತ್ರಗಳಿಗಿಂತ ಮೊದಲು ಕಲಿಸುವವರ ಸಂಬಳವನ್ನು ಬರೆದಿಡಬೇಕು. ಊರಿನಲ್ಲಿಯೇ ಓದಿ ನೌಕರಿಯಿಲ್ಲದೆ ಕುಳಿತ ತರುಣಿಯೊಬ್ಬಳಿಗೆ ಆ ಕಾಯಕವು ದೊರೆತರೆ ಹೆಣ್ಣುಮಕ್ಕಳು ಬರುವುದು ಸುಲಭವಾಗುತ್ತದೆ. ವಿದ್ಯುತ್ತು ಹೋದಾಗ ನಡೆಯುವ ಏರ್ಪಾಡು ಬೇಕು. ಯಂತ್ರವು ಕೆಟ್ಟರೆ ಬಿಚ್ಚಿ ನೋಡುವುದನ್ನು ಪ್ರಸಾದನಿಲಯದ ಹುಡುಗರಿಗೇ ಕಲಿಸಬೇಕು. ಕೆಟ್ಟೀತೆಂಬ ಭಯದಿಂದ ಬಟ್ಟೆ ಮುಚ್ಚಿಟ್ಟ ಯಂತ್ರಗಳು ಈ ನಾಡಿನ ಶಾಲೆಗಳಲ್ಲಿ ಬೇಕಾದಷ್ಟಿವೆ. ಮುಂಜಾನೆಯ ಹೊತ್ತು ವಿದ್ಯಾರ್ಥಿಗಳದು, ಮಧ್ಯಾಹ್ನ ಅಡುಗೆಮನೆಯ ಕೆಲಸ ಮುಗಿದ ಮೇಲೆ ತಾಯಂದಿರದು, ದೀಪ ಹಚ್ಚುವ ಹೊತ್ತಿಗೆ ಹೊಲದಿಂದ ಬಂದವರದು. ಜಾತಿಯನ್ನು ಕೇಳುವ ಪುಸ್ತಕವು ಆ ಬಾಗಿಲಲ್ಲಿ ಇರಕೂಡದು. ಕೊಠಡಿಯ ಬೀಗದ ಕೈ ಕಾರ್ಯದರ್ಶಿಗಳ ಪೆಟ್ಟಿಗೆಯಲ್ಲಿರದೆ, ದಾಸೋಹದ ಅಡುಗೆಮನೆಯ ಕೈಯಿರುವ ಗೂಟದಲ್ಲಿಯೇ ತೂಗುಹಾಕಿರಲಿ. ಬೆಳಗಿನ ಜಾವ ಒಲೆ ಹೊತ್ತಿಸಲು ಬರುವವನೇ ಅದನ್ನೂ ತೆರೆಯುವನು.